ಅಳಿಯ ತಂದ ಕಹಿ ಬಿಯರು

ಪ್ರಶ್ನೆ: ನಾವು ಸಕಲೇಶಪುರದ ಬಳಿ ಕಾಫಿ ಬೆಳೆಯುವವರು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿರುವ ನಮ್ಮ ಅಳಿಯ ಯುಗಾದಿಗೆ ಬಂದಾಗ ನಾಲ್ಕು ಕ್ಯಾನ್ ಬಿಯರ್ ತಂದಿದ್ದರು. ಮೇಲೆ 'ಡಬಲ್ ಐಪಿಎ' ಎಂದಿದೆ. ಆಲ್ಕೋಹಾಲ್ ಶೇ. 8.2, ಐಬಿಯು 85, ಅಳತೆ 473 ಮಿ.ಲೀ. ತಳದಲ್ಲಿ 02/11 ಎಂಬ ತಾರೀಕಿದೆ, ಹೋದ ನವೆಂಬರಿನದು ಇರಬೇಕು. ಎರಡು ತಿಂಗಳು ಅಲ್ಮೇರಾದಲ್ಲಿಯೇ ಇತ್ತು. ಕಳೆದ ವಾರ ಫ್ರೀಜರಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಮೇಲೆ ನಾನೂ ನನ್ನ ತಮ್ಮನೂ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಖಾರವಾಗಿ ಹುರಿದ ಕೋಳಿಯ ಜೊತೆ ಕುಡಿದೆವು. ಬೇವಿನ ಕಷಾಯ ಕುಡಿದಂತಾಯಿತು. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವ ನನಗೆ ಕಹಿ ಹೊಸದಲ್ಲ. ಇದು ಕೆಟ್ಟುಹೋಗಿದೆಯೋ, ಇದರ ರುಚಿಯೇ ಹೀಗೋ? ಇನ್ನೂ ಎರಡು ಕ್ಯಾನ್ ಫ್ರಿಜ್ಜಿನಲ್ಲಿವೆ. ಹೇಗಿತ್ತು ಎಂದು ಅಳಿಯ ಫೋನಿನಲ್ಲಿ ಕೇಳುತ್ತಿದ್ದಾರೆ. ರುಚಿ ನೋಡುವ ಕ್ರಮ ತಿಳಿಸಿ.

ಉತ್ತರ: ಮೊದಲು ಅಳಿಯಂದಿರ ಮರ್ಯಾದೆ ಉಳಿಸುತ್ತೇನೆ. ಅವರು ತಂದದ್ದು ಒಳ್ಳೆಯ ಬಿಯರೇ ಇದ್ದಿರಬೇಕು. ಐಪಿಎ ಎಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವನ್ನು ಹೆಚ್ಚಾಗಿ ಹಾಕಿದ ಕಹಿ ಬಿಯರು. ಡಬಲ್ ಎಂದರೆ ಹಾಪ್ಸೂ ಆಲ್ಕೋಹಾಲೂ ಇನ್ನಷ್ಟು. ಅಮೆರಿಕದವರು ತಾರೀಕಿನಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. 02/11 ಎಂದರೆ ಫೆಬ್ರವರಿ 11. ಯುಗಾದಿಯ ಹೊತ್ತಿಗೆ ಅದಕ್ಕೆ ಆರೇಳು ವಾರ ವಯಸ್ಸು. ಅಂದೇ ತೆರೆದಿದ್ದರೆ ತಾವು ನನಗೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ. ಏಪ್ರಿಲ್, ಮೇ ತಿಂಗಳುಗಳ ಸೆಕೆಯನ್ನು ಬಾಗಿಲು ಮುಚ್ಚಿದ ಅಲ್ಮೇರಾದಲ್ಲಿ ಕಳೆದ ಮೇಲೆ ಅದರ ಘಮ ಸೋರಿಹೋಗಿ ಕಹಿ ಒಂಟಿಯಾಗಿ ಉಳಿಯಿತು. ಆ ಒಂಟಿ ಕಹಿಗೆ ತಾವು ಹಿಮದಷ್ಟು ತಂಪನ್ನೂ ಸ್ಟೀಲ್ ಲೋಟವನ್ನೂ ಹಸಿಮೆಣಸಿನಕಾಯಿಯನ್ನೂ ಜೊತೆ ಮಾಡಿಕೊಟ್ಟಿರಿ.

ಇಪ್ಪತ್ತಾರು ವರ್ಷ ನಾನು ಚಿಕ್ಕಮಗಳೂರಿನಲ್ಲಿ ಕಾಫಿಯ ಕಪ್ ಟೇಸ್ಟರ್ ಆಗಿದ್ದವನು. ಬಿಯರಿನ ರುಚಿ ಪರೀಕ್ಷೆ ಕಲಿತದ್ದು ಆಮೇಲೆ. ಹಾಗಾಗಿ ನನಗೆ ಎಲ್ಲವೂ ಕಾಫಿಯ ಮೂಲಕವೇ ಅರ್ಥವಾಗುವುದು. ತಮಗೂ ಅದೇ ದಾರಿ ಸುಲಭ. ಹೊಸದಾಗಿ ಬೀಸಿದ ಪುಡಿಯ ಪೊಟ್ಟಣ ಬಿಚ್ಚಿದರೆ ಅಡುಗೆಮನೆಯಿಂದ ಜಗಲಿಯವರೆಗೆ ಘಮ. ಅದೇ ಪೊಟ್ಟಣವನ್ನು ಬಾಯಿ ತೆರೆದಿಟ್ಟು ಎರಡು ತಿಂಗಳ ನಂತರ ಡಿಕಾಕ್ಷನ್ ಇಳಿಸಿ ನೋಡಿ. ಬಣ್ಣ ಬರುತ್ತದೆ, ಕಹಿ ಬರುತ್ತದೆ, ಕಾಫಿ ಬರುವುದಿಲ್ಲ. ಹಾಪ್ಸ್ ಹೆಚ್ಚಾಗಿ ಹಾಕಿದ ಬಿಯರಿನ ಕಥೆಯೂ ಅಷ್ಟೇ.

ಹಾಪ್ಸ್ ಎಂದರೇನು ಎಂಬುದನ್ನು ತೋಟದವರಿಗೆ ಹೇಳುವುದು ಸುಲಭ. ಅದು ಮೆಣಸಿನ ಬಳ್ಳಿಯ ಹಾಗೆ ಮೇಲಕ್ಕೇರುವ ಬಳ್ಳಿ. ನಮ್ಮ ಕಾಳುಮೆಣಸು ಸಿಲ್ವರ್ ಓಕ್ ಮರಕ್ಕೆ ಬೇರು ಊರಿ ಅಂಟಿಕೊಳ್ಳುತ್ತದೆ. ಹಾಪ್ಸ್ ಬಳ್ಳಿ ಕಾಂಡದ ಮೇಲಿನ ಒರಟು ಮುಳ್ಳುಕೂದಲಿನಿಂದ ಹಗ್ಗವನ್ನು ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತ ಐದಾರು ಮೀಟರ್ ಏರುತ್ತದೆ. ಹೆಣ್ಣು ಗಿಡದಲ್ಲಿ ಬಿಡುವ ಹಸಿರು ಹೂಗೊಂಚಲೇ ಫಸಲು. ಅದರ ಎಸಳು ಬಿಡಿಸಿದರೆ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ, ಲುಪುಲಿನ್. ಕಹಿಯೂ ಘಮವೂ ಇರುವುದು ಆ ಪುಡಿಯಲ್ಲಿಯೇ. ನಮ್ಮಲ್ಲಿ ನೆಟ್ಟು ನೋಡೋಣವೇ ಎಂದು ಕೇಳುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಬೇಸಿಗೆಯಲ್ಲಿ ಉದ್ದ ಹಗಲು ಬೇಡುವ ಬೆಳೆ ಅದು, ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ ಬೆಳೆಯುತ್ತಾರೆ. ನಾವಿರುವುದು 13ರಲ್ಲಿ. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ನಮಗೆ ಮೆಣಸೇ ಸಾಕು.

ಈ ಹಾಪ್ಸನ್ನು ಬಿಯರಿಗೆ ಹಾಕುವ ಹೊತ್ತು ಮುಖ್ಯ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ ಸಿಹಿ ರಸವನ್ನು ಸುಮಾರು ಒಂದು ಗಂಟೆ ಕುದಿಸುತ್ತಾರೆ. ಕುದಿಯ ಆರಂಭದಲ್ಲಿಯೇ ಹಾಕಿದ ಹಾಪ್ಸಿನ ಆಲ್ಫಾ ಆಮ್ಲಗಳು ಕಾವಿಗೆ ರೂಪ ಬದಲಿಸಿ ಕಹಿಯಾಗುತ್ತವೆ. ಆದರೆ ಅದರ ಸುಗಂಧ ತೈಲವೆಲ್ಲ ಹಬೆಯೊಂದಿಗೆ ಹಾರಿಹೋಗುತ್ತದೆ. ಘಮ ಬೇಕೆಂದರೆ ಒಲೆ ಆರಿಸುವ ಹೊತ್ತಿಗೆ, ಇಲ್ಲವೇ ಹುದುಗು ಬಂದ ಮೇಲೆ ತಣ್ಣನೆಯ ಬಿಯರಿಗೇ ಮತ್ತೊಮ್ಮೆ ಹಾಕಬೇಕು. ಸಾರಿಗೆ ಕೊತ್ತಂಬರಿ ಬೀಜವನ್ನು ಹುರಿದು ಅರೆದು ಹಾಕುವುದೂ ಇಳಿಸುವಾಗ ಸೊಪ್ಪು ಉದುರಿಸುವುದೂ ಬೇರೆ ಬೇರೆ ಕೆಲಸವಲ್ಲವೇ, ಹಾಗೆ. ಡಬಲ್ ಐಪಿಎಯಲ್ಲಿ ಎರಡನ್ನೂ ಕೈಬಿಚ್ಚಿ ಮಾಡುತ್ತಾರೆ. ಆದರೆ ಕೊನೆಗೆ ಉದುರಿಸಿದ ಸೊಪ್ಪು ಮೊದಲು ಬಾಡುವಂತೆ, ಕೊನೆಗೆ ಹಾಕಿದ ಹಾಪ್ಸಿನ ಘಮವೇ ಮೊದಲು ಕುಂದುವುದು. ಕ್ಯಾನಿನೊಳಗೆ ಉಳಿದ ಚೂರು ಆಮ್ಲಜನಕ ಸಾಕು, ಸೆಕೆ ಅದಕ್ಕೆ ಚುರುಕು ಕೊಡುತ್ತದೆ. ಇಂಥ ಬಿಯರನ್ನು ತಣ್ಣಗೆ ಇಟ್ಟು ಮೂರು ತಿಂಗಳೊಳಗೆ ಕುಡಿದು ಮುಗಿಸಬೇಕು ಎನ್ನುವುದು ತಯಾರಕರ ಸಾಮಾನ್ಯ ಲೆಕ್ಕ. ವೈನಿನ ಹಾಗೆ ಇಟ್ಟಷ್ಟೂ ಮಾಗುತ್ತದೆ ಎಂದುಕೊಂಡು ಅಲ್ಮೇರಾದಲ್ಲಿ ಬಚ್ಚಿಡುವವರು ತಾವೊಬ್ಬರೇ ಅಲ್ಲ.

ಇನ್ನು, ಕಾಫಿ ಕುಡಿಯುವವನಿಗೆ ಕಹಿ ಹೊಸದಲ್ಲ ಎಂಬ ಮಾತು. ಕ್ಷಮಿಸಿ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಮನೆಗಳ ಕಾಫಿಯಲ್ಲಿ ಕಹಿಯನ್ನು ಒಂಟಿಯಾಗಿ ಬಿಡುವ ಪದ್ಧತಿಯೇ ಇಲ್ಲ. ಗಟ್ಟಿ ಹಾಲು ಹಾಕುತ್ತೇವೆ, ಎರಡು ಚಮಚ ಸಕ್ಕರೆ ಹಾಕುತ್ತೇವೆ. ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆ ಕಹಿಯನ್ನು ಮರೆಮಾಡುತ್ತದೆ. ಜೊತೆಗೆ ಕಾಫಿಯ ಕಹಿಯ ಮೂಲವೇ ಬೇರೆ. ಅದರಲ್ಲಿ ಕೆಫೀನಿನ ಪಾಲು ಸಣ್ಣದು. ಕೆಫೀನ್ ತೆಗೆದ ಕಾಫಿಯೂ ಕಹಿಯೇ. ಹದವಾಗಿ ಹುರಿದಾಗ ಕ್ಲೋರೋಜೆನಿಕ್ ಆಮ್ಲದಿಂದ ಹುಟ್ಟುವ ಲ್ಯಾಕ್ಟೋನುಗಳು, ಕಪ್ಪಾಗಿ ಹುರಿದಾಗ ಫೀನೈಲ್‌ಇಂಡೇನುಗಳು ಅಲ್ಲಿನ ದೊಡ್ಡ ಪಾಲುದಾರರು. ಮನುಷ್ಯನ ಬಾಯಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆ. ಹಾಗಲಕಾಯಿಯನ್ನು ಬಯಸಿ ತಿನ್ನುವವರು ಮೆಂತ್ಯದ ಮುದ್ದೆಗೆ ಮುಖ ತಿರುಗಿಸುವುದನ್ನು ನೋಡಿಯೇ ಇರುತ್ತೀರಿ. ಒಂದು ಕಹಿಯ ಅಭ್ಯಾಸ ಇನ್ನೊಂದು ಕಹಿಗೆ ಪರವಾನಗಿ ಆಗುವುದಿಲ್ಲ.

ಬಿಯರಿನಲ್ಲಿ ಹಾಲಿನ ಕೆಲಸ ಮಾಡುವುದು ಮಾಲ್ಟ್. ಶೇ. 8ಕ್ಕಿಂತ ಹೆಚ್ಚು ಆಲ್ಕೋಹಾಲ್ ಬರಬೇಕಾದರೆ ಬಾರ್ಲಿಯನ್ನು ಧಾರಾಳವಾಗಿಯೇ ಹಾಕಬೇಕು. ಅದರಿಂದ ಬ್ರೆಡ್ಡಿನ ಅಂಚಿನಂಥ, ಜೇನಿನಂಥ, ಕೆಲವು ಕಡೆ ಬೆಲ್ಲದ ಪಾಕದಂಥ ಹಿನ್ನೆಲೆ ಬರುತ್ತದೆ. ಹಾಗಾಗಿ 85 ಎಂಬ ಆ ಐಬಿಯು ಅಂಕಿಗೆ ಹೆದರಬೇಡಿ. ಅದು ಸರಿಸುಮಾರು ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಹಾಪ್ಸಿನ ಕಹಿ ಆಮ್ಲ ಇದೆ ಎನ್ನುವ ಲೆಕ್ಕ. ನಿಮ್ಮ ಕ್ಯಾನಿನಲ್ಲಿ ಒಟ್ಟು 40 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಲಾಗರ್, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ತೆಳು ಬಿಯರುಗಳಲ್ಲಿ 10ರಿಂದ 25 ಇರುತ್ತದೆ, ಡಬಲ್ ಐಪಿಎಯಲ್ಲಿ 60ರಿಂದ 100. ಹಾಗೆಂದು ಇದು ಅದಕ್ಕಿಂತ ನಾಲ್ಕು ಪಟ್ಟು ಕಹಿಯಾಗಿ ಬಾಯಿಗೆ ತಿಳಿಯುವುದಿಲ್ಲ. ಮಾಲ್ಟ್ ಎಷ್ಟಿದೆ ಎಂಬುದು ಆ ಅಂಕಿಯಲ್ಲಿ ಇಲ್ಲ. ಕಾಫಿ ಪುಡಿಯ ಪೊಟ್ಟಣದ ಮೇಲೆ ಚಿಕೋರಿ ಶೇ. 30 ಎಂದು ಓದಿ ಲೋಟದಲ್ಲಿನ ಕಾಫಿ ಹೇಗಿದೆ ಎಂದು ಹೇಳಲು ಆಗುತ್ತದೆಯೇ?

'ಐಪಿಎ'ಯ ಐ ಅಕ್ಷರ ಇಂಡಿಯಾದ್ದು, ಎಂದರೆ ನಮ್ಮದೇ. ಇಂಗ್ಲೆಂಡಿನಿಂದ ಆಫ್ರಿಕಾದ ತುದಿ ಸುತ್ತಿ ನಾಲ್ಕೈದು ತಿಂಗಳು ಹಡಗಿನಲ್ಲಿ ಬರುತ್ತಿದ್ದ ಬಿಯರಿಗೆ ಹೆಚ್ಚು ಹಾಪ್ಸ್ ಹಾಕುತ್ತಿದ್ದರು. ಹುಳಿ ಬರಿಸುವ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆ. ಲಂಡನ್ನಿನ ಬೋ ಎಂಬಲ್ಲಿನ ಬಿಯರ್ ತಯಾರಕ ಹಾಡ್ಜ್‌ಸನ್ ಇದನ್ನು ಕಂಡುಹಿಡಿದ ಎನ್ನುವ ಜನಪ್ರಿಯ ಕಥೆ ನಿಲ್ಲುವಂಥದ್ದಲ್ಲ, ಅವನು ಚೆನ್ನಾಗಿ ವ್ಯಾಪಾರ ಮಾಡಿದ ಅಷ್ಟೆ. ನಮ್ಮ ಹೆಸರು ಹೊತ್ತ ಆ ಬಿಯರಿಗೂ ನಿಮ್ಮ ಕ್ಯಾನಿಗೂ ದೂರದ ಸಂಬಂಧ. ನಿಮ್ಮ ಕ್ಯಾನಿನ ವಂಶ ಶುರುವಾಗುವುದು ಅಳಿಯಂದಿರು ಇರುವ ಆರೆಗಾನ್ ರಾಜ್ಯದಿಂದಲೇ. ಅಲ್ಲಿನ ತಳಿ ಸಂಶೋಧಕರು 1972ರಲ್ಲಿ ಬಿಡುಗಡೆ ಮಾಡಿದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ, ಬಿಯರಿಗೆ ಚಕ್ಕೋತದ ಘಮ ತಂದಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್. 795 ಎಂಬ ಕಾಫಿ ತಳಿ ನಮ್ಮ ತೋಟಗಳಿಗೆ ಹೇಗೋ, ಅವರಿಗೆ ಕ್ಯಾಸ್ಕೇಡ್ ಹಾಗೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನಲ್ಲಿ ವಿನ್ನಿ ಸಿಲುರ್ಜೊ ಎಂಬವರು ತಮ್ಮ ಪುಟ್ಟ ಬ್ರೂವರಿಯಲ್ಲಿ ಹಾಪ್ಸನ್ನು ಸುಮಾರು ಎರಡು ಪಟ್ಟು ಹಾಕಿದ ಬಿಯರ್ ಮಾಡಿದರು. ಡಬಲ್ ಐಪಿಎಯ ಮೊದಲಿಗರು ಎಂದು ಅವರನ್ನೇ ಹೇಳುತ್ತಾರೆ. ಕಾರಣವನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಸಲಕರಣೆಗಳು ಹಳೆಯವು, ಒರಟು, ಏನಾದರೂ ಅಡ್ಡವಾಸನೆ ಬಂದರೆ ಹಾಪ್ಸ್ ಅದನ್ನು ಮುಚ್ಚಲಿ ಎಂದು. ಕಾಫಿ ಕ್ಯೂರಿಂಗ್ ಅಂಗಳದಲ್ಲಿ, ಅಂದರೆ ಬೀಜ ಸುಲಿದು ವಿಂಗಡಿಸುವಲ್ಲಿ ಬೆಳೆದ ನನಗೆ ಇದನ್ನು ಓದಿದಾಗ ನಗು ಬಂತು. ಕಪ್ಪು ಬೀಜ, ಪೊಟ್ಟು ಬೀಜಗಳನ್ನು ಇದ್ದಿಲಿನಂತೆ ಹುರಿದು ಕಳೆಯುವುದನ್ನು ನಾನು ಬಹಳ ನೋಡಿದ್ದೇನೆ. ಸಿಲುರ್ಜೊ ಅವರ ಬಿಯರು ಒಳ್ಳೆಯದೇ ಆಯಿತು. ಆದರೆ ಹಾಪ್ಸನ್ನು ಕಂಬಳಿಯಂತೆ ಹೊದೆಸುವವರು ಇಂದಿಗೂ ಇದ್ದಾರೆ. ಅದಕ್ಕೇ ರುಚಿ ನೋಡುವಾಗ ಹೊದಿಕೆಯ ಕೆಳಗೆ ಏನಿದೆ ಎಂದು ನೋಡಬೇಕಾಗುತ್ತದೆ.

ಈಗ ಉಳಿದ ಎರಡು ಕ್ಯಾನುಗಳ ವಿಚಾರ. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಮೇಜಿನ ಮೇಲಿಡಿ. ಫ್ರೀಜರ್ ಬೇಡವೇ ಬೇಡ, ಮರೆತರೆ ಕ್ಯಾನ್ ಒಡೆಯುತ್ತದೆ. ತೀರಾ ತಣ್ಣಗಿದ್ದಾಗ ಘಮದ ಅಣುಗಳು ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟಿ ಮಾಲ್ಟಿನ ಸಿಹಿಯನ್ನು ಹಿಡಿಯುವುದಿಲ್ಲ. ಎಲ್ಲ ಮರಗಟ್ಟಿದರೂ ಕಹಿ ಮಾತ್ರ ದಾರಿ ಮಾಡಿಕೊಂಡು ಬರುತ್ತದೆ. 8ರಿಂದ 10 ಡಿಗ್ರಿ ಸರಿಯಾದ ಹದ, ಅಂದರೆ ಡಿಸೆಂಬರಿನ ಬೆಳಗ್ಗೆ ಬಾವಿಯಿಂದ ಸೇದಿದ ನೀರಿಗಿಂತ ಬಹಳ ಹೆಚ್ಚು ತಂಪು.

ಲೋಟ ಗಾಜಿನದಾಗಿರಲಿ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ವೈನ್ ಗ್ಲಾಸ್ ಅಥವಾ ಬ್ರಾಂದಿ ಗ್ಲಾಸ್ ಮನೆಯಲ್ಲಿ ಎಲ್ಲಿಯೋ ಕಟ್ಟಿಟ್ಟಿರುತ್ತೀರಿ, ಮದುವೆಯ ಉಡುಗೊರೆ. ಅದನ್ನು ತೆಗೆದು ಚೆನ್ನಾಗಿ ತೊಳೆದು, ಸೋಪು ಉಳಿಯದಂತೆ ಹಲವು ಬಾರಿ ನೀರು ಹಾಕಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಎಣ್ಣೆಯ ಪಸೆ ತಾಗಿದರೆ ನೊರೆ ಕೂಡಲೇ ಸಾಯುತ್ತದೆ. ನೊರೆ ಬರಿಯ ಶೃಂಗಾರವಲ್ಲ, ಘಮವನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಗ್ಲಾಸಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಹಾಕಿ, ಎರಡು ಬೆರಳು ನೊರೆ ನಿಲ್ಲಲಿ. ಬಿಯರು ಮಸುಕಾಗಿ, ಮಾವಿನ ರಸಾಯನದ ಬಣ್ಣದಲ್ಲಿದ್ದರೆ ಗಾಬರಿಯಾಗಬೇಡಿ. ಸೋಸದೆ ಹಾಗೆಯೇ ಬಿಡುವ ಬಗೆಯೂ ಇದೆ. ಬಣ್ಣ ಮಾತ್ರ ಗಮನಿಸಿ. ಬಂಗಾರ ಅಥವಾ ತಿಳಿ ಕಿತ್ತಳೆ ಇರಬೇಕಾದದ್ದು ಕಂದುಬಣ್ಣಕ್ಕೆ ತಿರುಗಿದ್ದರೆ ಗಾಳಿ ತನ್ನ ಕೆಲಸ ಮಾಡಿದೆ ಎಂದು ಲೆಕ್ಕ.

ಕುಡಿಯುವ ಮೊದಲು ಮೂಸಿ. ದೀರ್ಘವಾಗಿ ಎಳೆಯಬೇಡಿ, ಎರಡು ಮೂರು ಸಣ್ಣ ಉಸಿರು, ಆಮೇಲೆ ಗ್ಲಾಸ್ ದೂರ. ಮೂಗು ಬೇಗ ದಣಿಯುತ್ತದೆ. ದಣಿದಾಗ ತಮ್ಮದೇ ಅಂಗಿಯ ತೋಳನ್ನು ಮೂಸಿ, ಅದು ಮೂಗನ್ನು ಮನೆಗೆ ಕರೆತರುತ್ತದೆ. ಅತ್ತರಿನ ಅಂಗಡಿಗಳಲ್ಲಿ ಇದಕ್ಕೆ ಕಾಫಿ ಬೀಜ ಮೂಸಲು ಕೊಡುತ್ತಾರೆ. ಇಪ್ಪತ್ತಾರು ವರ್ಷ ಕಾಫಿ ಬೀಜ ಮೂಸಿದವನಿಗೆ ಅದು ವಿಶ್ರಾಂತಿ ಅನಿಸುವುದೇ ಇಲ್ಲ!

ಏನನ್ನು ಹುಡುಕಬೇಕು? ಅಮೆರಿಕದ ಪಟ್ಟಿಗಳಲ್ಲಿ ಗ್ರೇಪ್‌ಫ್ರೂಟ್, ಪೈನ್ ಎಂದೆಲ್ಲ ಬರೆದಿರುತ್ತಾರೆ. ಅವನ್ನು ಬಾಯಿಪಾಠ ಮಾಡಬೇಡಿ. ಮಲೆನಾಡಿನ ಮೂಗಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಇದೆ. ಗ್ರೇಪ್‌ಫ್ರೂಟ್ ಎಂದರೆ ನಮ್ಮ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಚಿಮ್ಮುವ ವಾಸನೆ. ಇನ್ನೂ ಚುರುಕಾಗಿದ್ದರೆ ಹೇರಳೆಕಾಯಿಯದು. ಪೈನ್ ಎನ್ನುವಲ್ಲಿ ನಾನು ರಾಳ ಎಂದು ಬರೆದುಕೊಳ್ಳುತ್ತೇನೆ, ಕೆಂಡಕ್ಕೆ ಹಾಕುವ ಮುಂಚಿನ ಧೂಪದ ವಾಸನೆ. ಎಲ್ಲಕ್ಕಿಂತ ಹತ್ತಿರದ್ದು ಅಪ್ಪೆಮಿಡಿಯ ಸೊನೆ. ಮಿಡಿಯ ತೊಟ್ಟು ಮುರಿದಾಗ ಮೂಗಿಗೆ ಬಡಿಯುವ ಆ ಹಸಿರು, ಚುಚ್ಚುವ ಘಾಟು ಒಳ್ಳೆಯ ಡಬಲ್ ಐಪಿಎಯ ಮೊದಲ ಉಸಿರಿನಲ್ಲಿಯೇ ಸಿಗುತ್ತದೆ. ಇದು ನನ್ನ ಕಲ್ಪನೆಯಲ್ಲ: ಮಾವಿನ ಸೊನೆಯಲ್ಲಿರುವ ಮಿರ್ಸೀನ್ ಎಂಬ ತೈಲಾಂಶ ಹಾಪ್ಸಿನಲ್ಲಿಯೂ ಹೇರಳವಾಗಿದೆ. ಕಾಳುಮೆಣಸಿನ ಕ್ಯಾರಿಯೋಫಿಲೀನ್ ಹಾಪ್ಸಿನಲ್ಲಿದೆ, ಕೊತ್ತಂಬರಿ ಬೀಜದ ಲಿನಲೂಲ್ ಇದೆ, ಗುಲಾಬಿಯ ಜೆರಾನಿಯಾಲ್ ಇದೆ. ತೋಟದ ಬೇಲಿಯ ಮೇಲೆ ಹಬ್ಬಿಸಿದ ಪ್ಯಾಷನ್ ಹಣ್ಣಿನ ವಾಸನೆ ಬಂದರೆ ಅದೂ ನಿಜವೇ, ಗಂಧಕ ಬೆರೆತ ಕೆಲವು ಅಣುಗಳು ಎರಡರಲ್ಲಿಯೂ ಒಂದೇ. ಆ ಅಣುಗಳು ಅತಿಯಾದರೆ ಹಸಿ ಈರುಳ್ಳಿಯ ಛಾಯೆ ಬರುತ್ತದೆ. ಕೆಲವರು ಅದನ್ನೂ ಮೆಚ್ಚುತ್ತಾರೆ, ನಾನು ಮೆಚ್ಚುವುದಿಲ್ಲ.

ನಿಮ್ಮ ಕ್ಯಾನಿನಲ್ಲಿ ಬಹುಶಃ ಇವು ಮಂದವಾಗಿ ಸಿಗಬಹುದು. ಅದರ ಬದಲು ಜೇನು, ಹಳೆಯ ಬೆಲ್ಲ, ಕೊನೆಗೆ ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಅದು ಮುದಿತನದ ಗುರುತು. ಕುಡಿದರೆ ಅಪಾಯವಿಲ್ಲ. ಸಂತೋಷವೂ ಇಲ್ಲ.

ಗುಟುಕಿನ ಮಾತಿಗೆ ಬರೋಣ. ಕಾಫಿ ಪರೀಕ್ಷೆಯಲ್ಲಿ ನಾವು ಚಮಚದಿಂದ ಜೋರಾಗಿ ಸೊರ್ ಎಂದು ಎಳೆದು ಬಾಯಿತುಂಬ ಚಿಮುಕಿಸಿ ಉಗುಳುತ್ತೇವೆ. ಬಿಯರಿನಲ್ಲಿ ಹಾಗೆ ಮಾಡಿದರೆ ಬಾಯಿ ತುಂಬ ನೊರೆ. ಒಂದು ಚಮಚದಷ್ಟನ್ನು ನಿಧಾನವಾಗಿ ತೆಗೆದುಕೊಂಡು ನಾಲಿಗೆಯ ಮೇಲೆ ಹೊರಳಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಘಮ ಎರಡನೆಯ ಬಾರಿ, ಒಳಗಿನಿಂದ ಬರುತ್ತದೆ. ರುಚಿ ಎಂದು ನಾವು ಕರೆಯುವುದರ ಹೆಚ್ಚಿನ ಪಾಲು ಇದೇ. ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ. ಮೊದಲ ಗುಟುಕಿನಲ್ಲಿ ಬಾಯಿ ಬೆಚ್ಚಿಬೀಳುತ್ತದೆ, ಮೂರನೆಯದಕ್ಕೆ ಒಗ್ಗಿಕೊಳ್ಳುತ್ತದೆ. ನಡುವೆ ನೀರು ಕುಡಿಯಿರಿ, ಸಪ್ಪೆ ಕಡುಬಿನ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಇದಕ್ಕೆ ವಿದೇಶದವರು ಉಪ್ಪಿಲ್ಲದ ಬಿಸ್ಕತ್ತು ಇಟ್ಟುಕೊಳ್ಳುತ್ತಾರೆ. ಅಕ್ಕಿ ಕಡುಬಿನಷ್ಟು ನಿಷ್ಪಕ್ಷಪಾತಿಯಾದ ತಿನಿಸನ್ನು ನಾನು ಇನ್ನೂ ಕಂಡಿಲ್ಲ.

ನುಂಗಿದ ಮೇಲೆ ಕೆಲಸ ಶುರು. ಕಹಿ ಎಷ್ಟಿದೆ ಎಂದು ಅಳೆಯುವ ಬದಲು, ಅದು ಹೇಗೆ ಹೊರಡುತ್ತದೆ ಎಂದು ನೋಡಿ. ಮನಸ್ಸಿನಲ್ಲಿಯೇ ಎಣಿಸಿ. ಚೆನ್ನಾಗಿ ಮಾಡಿದ ಬಿಯರಿನಲ್ಲಿ ಕಹಿ ಐದಾರು ಎಣಿಸುವುದರೊಳಗೆ ಮೇಲೇರಿ, ಹದಿನೈದು ಇಪ್ಪತ್ತರ ಹೊತ್ತಿಗೆ ಇಳಿದು, ಚಕ್ಕೋತದ ತೊಳೆ ತಿಂದ ಬಾಯಿಯಂತೆ ಚೊಕ್ಕಟ ಬಿಟ್ಟುಹೋಗುತ್ತದೆ. ಇನ್ನೊಂದು ಗುಟುಕು ಬೇಕು ಅನಿಸುತ್ತದೆ. ಮನೆಗೆ ಬಂದ ನೆಂಟರಲ್ಲಿ ಹೊತ್ತು ನೋಡಿ ಹೊರಡುವವರು ಇರುತ್ತಾರಲ್ಲ, ಆ ಬಗೆ. ಕೆಟ್ಟ ಕಹಿ ನಾಲಿಗೆಯ ಬುಡದಲ್ಲಿ ಚಾಪೆ ಹಾಸಿ ಕೂರುತ್ತದೆ, ಗಂಟಲನ್ನು ಕೆರೆಯುತ್ತದೆ, ಮುಂದಿನ ಗುಟುಕಿನ ಕಹಿಯನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ತಮಗೆ ಬೇವಿನ ಕಷಾಯದಂತೆ ಅನಿಸಿದ್ದು ಇದೇ ಇರಬೇಕು.

ಇಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ಕಹಿ ಬೇರೆ, ಒಗರು ಬೇರೆ ಎಂದು ನಮ್ಮ ಮಕ್ಕಳಿಗೂ ಗೊತ್ತು. ಹಾಗಲಕಾಯಿ ಕಹಿ, ಹಸಿ ಅಡಿಕೆ, ಬಾಳೆಕಾಯಿ ಒಗರು. ಕಹಿ ರುಚಿಯಾದರೆ ಒಗರು ಸ್ಪರ್ಶ: ಹಾಪ್ಸಿನ ಎಲೆಯ ಭಾಗದಲ್ಲಿರುವ ಟ್ಯಾನಿನ್ನಿನಂಥ ಅಂಶಗಳು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಿತ್ತುಕೊಳ್ಳುತ್ತವೆ. ತಣ್ಣನೆಯ ಬಿಯರಿಗೆ ಹಾಪ್ಸನ್ನು ಅತಿಯಾಗಿ ಸುರಿದಾಗ ಒಗರು ಹೆಚ್ಚುತ್ತದೆ. ಮೂರನೆಯದು ಆಲ್ಕೋಹಾಲಿನ ಕಾವು, ಎದೆಯ ಮೇಲ್ಭಾಗದಲ್ಲಿ ಬೆಚ್ಚಗೆ ಇಳಿಯುವುದು. ಬೆಚ್ಚಗಿದ್ದರೆ ಸರಿ, ಉರಿದರೆ ತಪ್ಪು. ಈ ಮೂರನ್ನೂ ಸೇರಿಸಿ ಕಹಿ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅಳಿಯಂದಿರ ಹತ್ತಿರ ಮಾತನಾಡುವಾಗ ಇವನ್ನು ಬಿಡಿಸಿ ಹೇಳಿ ನೋಡಿ, ಅವರಿಗೆ ಗೌರವ ಬರುತ್ತದೆ.

ಗ್ಲಾಸಿನಲ್ಲಿ ಅರ್ಧ ಉಳಿದಾಗ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಕಾಫಿ ಆರಿದಾಗಲೇ ಅದರ ದೋಷ ಹೊರಬೀಳುವುದು ಎಂದು ಕ್ಯೂರಿಂಗಿನವರೆಲ್ಲ ಬಲ್ಲರು. ಬಿಯರು ತಣುಪು ಕಳೆದುಕೊಂಡಾಗ ಅದೇ ಪರೀಕ್ಷೆ ನಡೆಯುತ್ತದೆ. ಒಳ್ಳೆಯದರಲ್ಲಿ ಮಾಲ್ಟ್ ಆಗ ಮಾತನಾಡತೊಡಗುತ್ತದೆ, ಹಣ್ಣಿನ ಘಮ ಅಗಲವಾಗುತ್ತದೆ. ಕಂಬಳಿ ಹೊದೆಸಿದ ಬಿಯರಾದರೆ ಬೆಣ್ಣೆಯ ಜಿಡ್ಡು ವಾಸನೆಯೋ ಬೇಯಿಸಿದ ಮುಸುಕಿನ ಜೋಳದ ವಾಸನೆಯೋ ಕೆಳಗಿನಿಂದ ಇಣುಕುತ್ತದೆ.

ನನ್ನದೇ ಒಂದು ಅವಮಾನ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಮನೆಯಲ್ಲಿ ಇಂಥದ್ದೇ ಬಿಯರಿನ ರುಚಿ ನೋಡಿ, ಮಾಡಿದವರಿಗೆ ಕೆಲಸ ಗೊತ್ತಿಲ್ಲ ಎಂದು ದೊಡ್ಡದಾಗಿ ತೀರ್ಪು ಕೊಟ್ಟೆ. ಆಮೇಲೆ ತಿಳಿಯಿತು: ಅದು ಬೆಂಗಳೂರಿನಿಂದ ಹೊರಟು, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹಾಸನದಲ್ಲಿ ಮದುವೆಯೂಟ ಮುಗಿಯುವವರೆಗೆ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಕುಳಿತು, ನನ್ನ ಮುಂದೆ ಬಂದಿತ್ತು. ತಂದವನು ಬೇರೆ ಯಾರೂ ಅಲ್ಲ, ನಾನೇ. ಅಂದಿನಿಂದ ಬಿಯರಿನ ಜೊತೆ ಅದರ ಪ್ರಯಾಣವನ್ನೂ ವಿಚಾರಿಸುತ್ತೇನೆ. ಬಾಟಲಿಯಾದರೆ ಬೆಳಕೂ ಶತ್ರು. ಹಸಿರು, ಬಿಳಿ ಗಾಜಿನೊಳಗೆ ಬಿಸಿಲು ಹೊಕ್ಕರೆ ಹಾಪ್ಸಿನ ಕಹಿ ಅಂಶವೇ ಒಡೆದು ಸುಟ್ಟ ರಬ್ಬರಿನಂಥ ವಾಸನೆ ಹುಟ್ಟುತ್ತದೆ. ಕ್ಯಾನಿಗೆ ಆ ಭಯ ಇಲ್ಲ.

ಕೋಳಿಯ ವಿಷಯಕ್ಕೆ ಬರುತ್ತೇನೆ. ಖಾರಕ್ಕೆ ಬಿಯರು ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ತೆಳು ಲಾಗರಿಗೆ ಅದು ನಡೆದೀತು. ಆಲ್ಕೋಹಾಲ್ ಹೆಚ್ಚಿದ್ದರೆ ಬಾಯಲ್ಲಿನ ಉರಿ ಹಿಡಿಯುವ ನರಗಳನ್ನು ಅದು ಇನ್ನಷ್ಟು ಎಚ್ಚರಗೊಳಿಸುತ್ತದೆ. ಮೆಣಸಿನಕಾಯಿ, ಶೇ. 8ರ ಕಾವು, 85ರ ಕಹಿ, ಮೂರೂ ಒಟ್ಟಿಗೆ ಕೂಗಿದರೆ ಯಾರ ಮಾತು ಕೇಳಿಸುತ್ತದೆ? ಇದಕ್ಕೆ ಬೇಕಾದ್ದು ಉಪ್ಪು ಮತ್ತು ಕೊಬ್ಬು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಹಲಸಿನಕಾಯಿ ಚಿಪ್ಸು, ತುಪ್ಪದಲ್ಲಿ ಹುರಿದ ಗೋಡಂಬಿ, ಖಾರ ಕಡಿಮೆ ಹಾಕಿದ ಹಂದಿ ಮಾಂಸ ಒಳ್ಳೆಯ ಜೊತೆ. ಅಮೆರಿಕದಲ್ಲಿ ಇದರ ಜೊತೆ ಕ್ಯಾರೆಟ್ ಕೇಕ್ ತಿನ್ನುವವರಿದ್ದಾರೆ. ಅದನ್ನು ನೋಡಿ ನಾನು ಒಮ್ಮೆ ಹಾಲುಬಾಯಿ ಇಟ್ಟುಕೊಂಡು ಕುಳಿತೆ. ತೆಂಗಿನಕಾಯಿ ಹಾಲಿನ ಜಿಡ್ಡು, ಬೆಲ್ಲ, ಏಲಕ್ಕಿ ಒಂದು ಕಡೆ, ಚಕ್ಕೋತದ ಕಹಿ ಇನ್ನೊಂದು ಕಡೆ. ಮನೆಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಇನ್ನೂ ಸಿಕ್ಕಿಲ್ಲ.

ಪ್ರಮಾಣದ ಬಗ್ಗೆ ಎರಡು ಮಾತು. ತಾವಿಬ್ಬರೂ ಒಂದೊಂದು ಕ್ಯಾನ್ ಮುಗಿಸಿದಿರಿ ಎಂದು ಕಾಣುತ್ತದೆ. 473 ಮಿ.ಲೀ.ಗೆ ಶೇ. 8.2 ಎಂದರೆ ಸುಮಾರು 39 ಮಿ.ಲೀ. ಶುದ್ಧ ಆಲ್ಕೋಹಾಲ್. 60 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 26. ಶೇ. 5ರ ಸಾಮಾನ್ಯ ಬಿಯರಿನ 650 ಮಿ.ಲೀ. ದೊಡ್ಡ ಬಾಟಲಿಯಲ್ಲಿಯೂ 32.5 ಮಾತ್ರ. ಬಿಯರು ತಾನೇ ಎಂದು ಹಗುರವಾಗಿ ತೆಗೆದುಕೊಂಡರೆ ಒಂದೇ ಕ್ಯಾನಿನಲ್ಲಿ ಒಂದೂವರೆ ದೊಡ್ಡ ಪೆಗ್ ಹೊಟ್ಟೆಗೆ ಹೋಗಿರುತ್ತದೆ. ರುಚಿ ನೋಡುವುದಕ್ಕೆ ಒಂದು ಕ್ಯಾನನ್ನು ಇಬ್ಬರು, ಮೂವರು ಹಂಚಿಕೊಳ್ಳುವುದೇ ಸರಿ. ಕಾರಿನ ಕೀಲಿ ಅಂದು ಸಂಜೆ ಬೇರೆಯವರ ಕೈಯಲ್ಲಿರಲಿ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಅಷ್ಟೆ, ಮಳೆಗಾಲದ ಶಿರಾಡಿ ಘಾಟಿಯ ಮಿತಿ ಅದಕ್ಕಿಂತಲೂ ಕಡಿಮೆ.

ಅಳಿಯಂದಿರಿಗೆ ಇದ್ದದ್ದನ್ನು ಇದ್ದಂತೆ ಹೇಳಿ: ತಡಮಾಡಿ ತೆರೆದೆವು, ಘಮ ಹೋಗಿತ್ತು, ಮುಂದಿನ ಬಾರಿ ತಂದ ದಿನವೇ ಒಟ್ಟಿಗೆ ಕೂರೋಣ ಎಂದು. ಅಷ್ಟರಲ್ಲಿ ಬೆಂಗಳೂರಿಗೆ ಹೋಗುವ ಕೆಲಸ ಬಿದ್ದರೆ, ತಮ್ಮಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಜಾಗದಲ್ಲಿ ಚಿಕ್ಕ ಗ್ಲಾಸ್ ಐಪಿಎ ಕೇಳಿ, ತೊಟ್ಟಿಯಿಂದ ನೇರವಾಗಿ ಬಂದದ್ದರ ಘಮ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಉಳಿದೆರಡು ಕ್ಯಾನುಗಳಲ್ಲಿ ಒಂದನ್ನು ಈ ವಾರವೇ ಮೇಲಿನ ಕ್ರಮದಲ್ಲಿ ತೆರೆಯಿರಿ. ಚೆನ್ನಾಗಿದ್ದರೆ ಇನ್ನೊಂದನ್ನೂ ಮುಂದೂಡಬೇಡಿ. ಚೆನ್ನಾಗಿಲ್ಲದಿದ್ದರೆ ಹಾಳಾಗಬಾರದೆಂದು ಮಾಂಸದ ಸಾರಿಗೆ ಸುರಿಯಬೇಡಿ. ಕುದಿದಂತೆ ನೀರು ಹೋಗಿ ಕಹಿ ಗಟ್ಟಿಯಾಗುತ್ತದೆ, ಸಾರೂ ಹೋಗುತ್ತದೆ. ಅಗಲ ತಟ್ಟೆಗೆ ಹಾಕಿ ಹಿತ್ತಿಲಿನ ಸೊಪ್ಪಿನ ಮಡಿಯ ಪಕ್ಕ ಮಳೆ ಬೀಳದಂತೆ ಇಡಿ. ಸಿಂಬಳದ ಹುಳುಗಳು ಯೀಸ್ಟಿನ ವಾಸನೆಗೆ ರಾತ್ರಿಯೆಲ್ಲ ಬಂದು ಬೀಳುತ್ತವೆ. ಅಳಿಯಂದಿರಿಗೆ ಅದನ್ನು ಮಾತ್ರ ಹೇಳಬೇಕಾಗಿಲ್ಲ.